ಗೆಣಸಿನ ಹೊಲದ ಪಾಠ

"ಈ ಅಡುಗೇನ ಇಲ್ಲಿ ಯಾರೂ ಮಾಡಲ್ಲ ಕಣ್ರೀ."

ಚರ್ಚಿನ ಹಾಲ್‌ನಲ್ಲಿ ಇಪ್ಪತ್ತು ರೈತ ಹೆಂಗಸರ ಮುಂದೆ ಸಲಾಡ್ ಕಲಸುತ್ತಿದ್ದ ಕಾತ್ಯಾಯಿನಿಯ ಕೈ ನಿಂತೇಬಿಟ್ಟಿತು. ಅಮೆರಿಕದ ರಾಲಿ ನಗರದಿಂದ ಒಂದು ಗಂಟೆ ದೂರದ ಈ ಹಳ್ಳಿಯಲ್ಲಿ ಕನ್ನಡ...!

ಬಾಗಿಲಲ್ಲಿ ಮಣ್ಣು ಮೆತ್ತಿದ ಬೂಟಿನ ಯುವಕ ನಿಂತಿದ್ದ. ಹೆಸರು ವೀರಣ್ಣ. ಕೌಂಟಿ, ಅಂದರೆ ಅಲ್ಲಿನ ಜಿಲ್ಲೆಯ, ಕಚೇರಿಯಲ್ಲಿ ರೈತರಿಗೆ ಬೆಳೆಯ ಸಲಹೆ ಕೊಡುವವನು. ಅದೇ ಕಚೇರಿಗೆ ಅವಳು ಆ ವಾರವಷ್ಟೇ ಪೌಷ್ಟಿಕ ಆಹಾರ ಕಲಿಸಲು ಸೇರಿದ್ದಳು.

ಉಳಿದವರಿಗೆ ತಿಳಿಯದಿರಲಿ ಎಂದೇ ಅವನು ಕನ್ನಡದಲ್ಲಿ ಹೇಳಿದ್ದು. ಅದು ಅವಳಿಗೆ ಹೊಳೆಯಲಿಲ್ಲ. ಅವಮಾನವಷ್ಟೇ ಉಳಿಯಿತು.

ಅದು 1996ರ ಜೂನ್. ಅವಳದು ಆರು ತಿಂಗಳ ಕೆಲಸ. ಜನ ಕಲಿತರೆ ಮಾತ್ರ ಮುಂದುವರಿಕೆ.

ಸೆಪ್ಟೆಂಬರ್‌ನಲ್ಲಿ ತರಗತಿಗೆ ಎಂಟು ಜನ ಬಂದರು, ಆಮೇಲೆ ಇಬ್ಬರು, ಆಮೇಲೆ ಯಾರೂ ಇಲ್ಲ.

'ದಿನಾ ಅವರ ಹೊಲಕ್ಕೆ ಹೋಗೋನು ಆ ವೀರಣ್ಣನೇ... ಕ್ಲಾಸಿಗೆ ಹೋಗ್ಬೇಡಿ ಅಂದಿರ್ಬೇಕು' ಎಂದುಕೊಂಡಳು.

ಅವಳು ಅವನೊಡನೆ ಮಾತು ಬಿಟ್ಟಳು. ಅಟ್ಲಾಂಟಾದ ಒಂದು ಆಸ್ಪತ್ರೆಗೆ ಅಪ್ಲೈ ಮಾಡಿದಳು. ಕೆಲಸ ಸಿಕ್ಕಿತು; ಸುದ್ದಿ ಕಚೇರಿಯಲ್ಲೆಲ್ಲ ಹರಡಿತು.

ರಾಜೀನಾಮೆ ಬರೆಯುತ್ತಿದ್ದ ದಿನ, ಪರ್ಲ್ ಎಂಬ ಅರವತ್ತರ ರೈತ ಹೆಂಗಸು ಕಚೇರಿಗೆ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ತನ್ನ ಸಕ್ಕರೆ ಕಾಯಿಲೆ ಹತೋಟಿಗೆ ಬಂದಿದೆ ಎಂದು ಕಣ್ಣೊರೆಸಿಕೊಂಡಳು. ಗೆಣಸು ಕೀಳುವ ಕಾಲದಲ್ಲಿ ಹಾಲ್‌ಗೆ ಬರಲು ಯಾರಿಗೂ ಪುರುಸೊತ್ತಿರಲಿಲ್ಲವಂತೆ. ವೀರಣ್ಣನೇ ಕಾತ್ಯಾಯಿನಿಯ ಪಾಠದ ಹಾಳೆಗಳನ್ನು ಹೊಲಕ್ಕೆ ತಂದು, ಊಟದ ಹೊತ್ತಿಗೆ ಓದಿ ಹೇಳುತ್ತಿದ್ದನಂತೆ. ಪ್ರತಿಸಲವೂ 'ಇದು ಕಾತ್ಯಾಯಿನಿಯ ಪಾಠ' ಎಂದೇ ಶುರುಮಾಡುತ್ತಿದ್ದನಂತೆ.

ಕಾತ್ಯಾಯಿನಿ ನೇರ ವೀರಣ್ಣನಿದ್ದ ಹೊಲಕ್ಕೆ ಡ್ರೈವ್ ಮಾಡಿದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಮೂರು ಸಲ ನಿಮ್ಮ ಡೆಸ್ಕ್ ಹತ್ರ ಬಂದೆ. ನೀವು ತಲೆ ಎತ್ತಲಿಲ್ಲ."

ಅವಳಿಗೆ ನಾಚಿಕೆಯಾಯಿತು. ತಪ್ಪು ತಿಳಿದೆ, ಕ್ಷಮಿಸಿ ಎಂದಳು. ಮರುದಿನದಿಂದ ತಾನೇ ಹೊಲದ ಬದಿಯಲ್ಲಿ ಒಲೆ ಹೂಡಿ, ಅವರೇ ಬೆಳೆದ ಗೆಣಸು, ಸೊಪ್ಪುಗಳ ಅಡುಗೆ ಕಲಿಸಿದಳು. ಅಟ್ಲಾಂಟಾಕ್ಕೆ ಬರುವುದಿಲ್ಲ ಎಂದು ಆಸ್ಪತ್ರೆಗೆ ತಿಳಿಸಿದಳು.

ನವೆಂಬರ್‌ನಲ್ಲಿ ಅವಳ ಕೆಲಸ ಮುಂದುವರಿಯಿತು. ಆ ಸಂಜೆ ಪಾರ್ಕಿಂಗ್ ಲಾಟ್‌ನಲ್ಲಿ ಅವಳೇ ವೀರಣ್ಣನನ್ನು ನಿಲ್ಲಿಸಿದಳು.

"ಬರೀ ಥ್ಯಾಂಕ್ಸ್ ಅಂದ್ರೆ ಸಾಲಲ್ಲ... ನಾನು ಉಳಿದಿದ್ದು ನಿಮಗೋಸ್ಕರಾನೂ ಹೌದು."

ಅವನು ಕಾರಿನ ಬಾಗಿಲು ಮುಚ್ಚಿ ಅವಳತ್ತ ತಿರುಗಿದ.

"ನೀವು ಹೋಗಿದ್ರೆ ನಾನೂ ಅಟ್ಲಾಂಟಾಗೆ ಡ್ರೈವ್ ಮಾಡ್ಕೊಂಡು ಬರೋನಿದ್ದೆ. ಮ್ಯಾಪ್ ಕೂಡ ತಗೊಂಡಿದ್ದೆ."

"ಬಂದು ಏನು ಹೇಳ್ತಿದ್ರಿ?"

"ಆರು ಗಂಟೆ ದಾರಿ. ಅಷ್ಟ್ರಲ್ಲಿ ಹೊಳೆಯತ್ತೆ ಅಂದ್ಕೊಂಡಿದ್ದೆ."

ಅವಳು ಅವನ ಕೈ ಹಿಡಿದಳು. "ಈಗ್ಲೇ ಹೇಳಿ."

"ನನ್ನ ಮದುವೆ ಆಗ್ತೀರಾ?"

"ಆಗ್ತೀನಿ."