ಮೀನಿಲ್ಲದ ಚಮಚ

೨೦೧೧ರ ಮಾರ್ಚ್ ೧೪, ಸೋಮವಾರ. ಬೆಳಗ್ಗೆ ಒಂಬತ್ತೂವರೆಗೆ ಕಾಂಬೋಡಿಯಾದ ನಾಮ್ ಪೆನ್ ನಗರದ ನದಿದಂಡೆ ಠಾಣೆಗೆ ಬಂದ ದೂರನ್ನು ಕೇಳಿ ಕಾನ್ಸ್‌ಟೇಬಲ್ ಟೆಪ್ ಮೊನಿಗೆ ನಗು ತಡೆಯಲಾಗಲಿಲ್ಲ.

"ಅಂದ್ರೆ ಅಕ್ಕಾ, ಕಳ್ಳ ಅಲ್ಯೂಮಿನಿಯಂ ಚಮಚ ಕದ್ದು, ಅದರ ಜಾಗದಲ್ಲಿ ಬೆಳ್ಳಿ ಚಮಚ ಇಟ್ಟು ಹೋಗಿದ್ದಾನೆ. ಇಂಥ ಕಳ್ಳ ನಮ್ಮನೆಗೂ ಒಂದ್ಸಲ ಬರಬಾರ್ದಾ?"

ದೂರು ತಂದಿದ್ದ ಉಕ್ ಸೊರಿಯಾ ನಗಲಿಲ್ಲ. ಅವಳು ಒಡವೆ ಮಾಡುವ ಕಲಾವಿದೆ. ತುಕ್ಕು ಹಿಡಿದ ಬೀಗ, ಸೈಕಲ್ ಚೈನು, ಮೀನುಬಲೆಯ ಸೀಸದ ಗುಂಡು, ಹೀಗೆ ಜನ ಬಳಸಿ ಬಿಟ್ಟದ್ದನ್ನೆಲ್ಲ ಬೆಳ್ಳಿಯಲ್ಲಿ ಕೂರಿಸಿ ಕೊರಳಿಗೂ ಕೈಗೂ ಆಭರಣ ಮಾಡುತ್ತಿದ್ದಳು. ಈ ಸಲದ ವಿದೇಶಿ ಪ್ರದರ್ಶನದ ಮುಖ್ಯ ಕೆಲಸ ಒಂದು ಕಂಠಹಾರ. ಎಪ್ಪತ್ತರ ದಶಕದ ಪೋಲ್ ಪಾಟ್ ಸರ್ವಾಧಿಕಾರದ ಕಾಲದ ಏಳು ಹಳೇ ಚಮಚಗಳನ್ನು ಬೆಳ್ಳಿಯ ಕೊಂಡಿಗಳಲ್ಲಿ ಪೋಣಿಸಿದ್ದು. ಶುಕ್ರವಾರ ಅದು ವಿಮಾನ ಹತ್ತಬೇಕಿತ್ತು.

"ಬದಲಾಗಿದೆ ಅಂತ ಹೇಗೆ ಗೊತ್ತಾಯ್ತು?" ಇನ್‌ಸ್ಪೆಕ್ಟರ್ ಚಿಮ್ ಬೊರೀತ್ ಕೇಳಿದರು.

"ಫೋಟೋ ತೆಗೆಯೋಕೆ ಒಬ್ಬ ಹುಡುಗಿ ಕೊರಳಿಗೆ ಹಾಕಿದ್ವಿ. ಹಾರ ಒಂದು ಕಡೆ ವಾಲ್ತು. ತೂಕ ಹೆಚ್ಚಾಗಿದೆ ಸರ್."

ಬೊರೀತ್ ಎಫ್‌ಐಆರ್ ಬರೆಸಿದರು. ಮೂವತ್ತು ವರ್ಷದ ನೌಕರಿಯಲ್ಲಿ ಕಳ್ಳ ಇಟ್ಟುಹೋದ ವಸ್ತುವಿನ ಬೆಲೆ ಕಳುವಾದ ವಸ್ತುವಿಗಿಂತ ಹೆಚ್ಚಿದ್ದ ದೂರು ಇದೇ ಮೊದಲು. ಅವರಿಗೂ ಒಳಗೊಳಗೇ ಕುತೂಹಲ ಕೆರಳಿತ್ತು.

ಹನ್ನೊಂದು ಗಂಟೆಗೆ ಸೊರಿಯಾಳ ಮಳಿಗೆಯಲ್ಲಿ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ, ಗಾಜು ಸರಿದಿರಲಿಲ್ಲ. ಬೊರೀತ್ ಭೂತಗನ್ನಡಿ ಹಿಡಿದು ಕೊಂಡಿ ನೋಡಿದರು. ಕತ್ತರಿಸಿ, ಮತ್ತೆ ಬೆಸೆದ ಗೆರೆ ಕೂದಲೆಳೆಯಷ್ಟು ಕಾಣುತ್ತಿತ್ತು.

"ಇಲ್ಲಿ ಬೆಂಕಿ ಹಚ್ತೀರಾ?"

"ಇಲ್ಲ. ಬೆಸುಗೆ ಕೆಲಸ ಎಲ್ಲ ಬೆಳ್ಳಿ ಕೆಲಸದವರ ಊರು ಕಂಪೊಂಗ್ ಲುವಾಂಗ್‌ನಲ್ಲಿ. ಹೋದ ತಿಂಗಳು ಕೊಕ್ಕೆ ಸರಿಮಾಡೋಕೆ ಕಳಿಸಿದ್ದೆ. ಎರಡು ದಿನ ಅಲ್ಲಿತ್ತು."

"ಹಳೇ ಚಮಚದ ಫೋಟೋ ಇದೆಯಾ?"

ಇತ್ತು. ಬೊರೀತ್ ಫೋಟೋವನ್ನೂ ಹಾರದಿಂದ ಬಿಡಿಸಿದ ಬೆಳ್ಳಿ ಚಮಚವನ್ನೂ ಕಿಟಕಿ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟರು. ಅದೇ ಸೊಟ್ಟ ಹಿಡಿ, ತುದಿಯಲ್ಲಿ ಅದೇ ತಗ್ಗು, ಅಂಚಿನಲ್ಲಿ ಹಲ್ಲು ಕಚ್ಚಿದಂಥ ಅದೇ ಎರಡು ಗುರುತು. ಹೊಳಪು ಕಾಣದಂತೆ ಮಂಕು ಕೂಡ ಹಿಡಿಸಿದ್ದರು. ಆದರೆ ಫೋಟೋದಲ್ಲಿ ಹಿಡಿಯ ಹಿಂದೆ ಮೊಳೆಯಿಂದ ಗೀಚಿದ ಪುಟ್ಟ ಮೀನೊಂದಿತ್ತು. ಬೆಳ್ಳಿ ಚಮಚದ ಬೆನ್ನು ಬೋಳು.

"ಮೀನು ಮರೆತಿದ್ದಾನೆ," ಎಂದಳು ಮೊನಿ.

"ಹಲ್ಲಿನ ಗುರುತು ನೆನಪಿಟ್ಟವನು ಮೀನು ಮರೀತಾನಾ?"

"ಮತ್ತೆ? ನಿಧಿ ಗುರುತಿರಬೇಕು ಸರ್! ಮೀನಿನ ಬಾಲ ತೋರಿಸಿದ ದಿಕ್ಕಿಗೆ ಅಗೆದ್ರೆ ಚಿನ್ನ."

"ನಿನ್ನ ತಲೆ. ಟಿವಿ ನೋಡೋದು ಕಡಿಮೆ ಮಾಡು."

ಬೊರೀತ್‌ಗೆ ಅಂಥ ಗುರುತುಗಳು ಗೊತ್ತಿದ್ದವು. ಆ ಕಾಲದಲ್ಲಿ ಅವರು ಹದಿನಾಲ್ಕರ ಹುಡುಗ. ಮನೆ, ಹೊಲ, ಮಡಕೆ, ಕೊನೆಗೆ ಹೆತ್ತ ಮಕ್ಕಳು ಕೂಡ ತಮ್ಮದೆನ್ನುವಂತಿರಲಿಲ್ಲ. ಸಾಮೂಹಿಕ ಅಡುಗೆಮನೆಯಲ್ಲಿ ಗಂಜಿ ಕುಡಿಯಲು ಒಂದು ಚಮಚ, ಅದಷ್ಟೇ ಸ್ವಂತದ್ದು. ಅದಕ್ಕೇ ಎಲ್ಲರೂ ಅದರ ಮೇಲೆ ಏನಾದರೊಂದು ಗೀಚಿಕೊಳ್ಳುತ್ತಿದ್ದರು. ಮೊನಿ ಹುಟ್ಟಿದ್ದು ಆಮೇಲೆ. ಅವಳಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿ.

"ಅದು ಚಮಚದ ಗುರುತಲ್ಲ ಕಣಮ್ಮ, ಮನುಷ್ಯನ ಗುರುತು," ಎಂದಷ್ಟೇ ಹೇಳಿ ಜೀಪು ಹತ್ತಿದರು.

ಕಂಪೊಂಗ್ ಲುವಾಂಗ್‌ನಲ್ಲಿ ಮನೆಮನೆಯಿಂದಲೂ ಸುತ್ತಿಗೆಯ ಟಕಟಕ. ಕಾರ್ಖಾನೆಯ ಯಜಮಾನ ಕಾಂಗ್ ಹೇಂಗ್ ಪೊಲೀಸರನ್ನು ಕಂಡು ಬೆವರಿದ.

"ನಮ್ಮಲ್ಲಿ ಕಳ್ಳರಿಲ್ಲ ಸಾಹೇಬ್ರೆ. ಇದ್ರೂ ಬೆಳ್ಳಿ ಪುಡಿ ಕದೀತಾರೆ, ಬೆಳ್ಳಿ ಕೊಟ್ಟು ಹೋಗೋ ಹುಚ್ಚರು ಯಾರೂ ಇಲ್ಲ!"

"ನಿಮ್ಮ ಬೆಳ್ಳಿ ಕಡಿಮೆಯಾಗಿದೆಯಾ?"

"ಚೂರೂ ಇಲ್ಲ."

"ಹಾರದ ಕೆಲಸ ಯಾರ ಕೈಲಿತ್ತು?"

"ಅಗೋ, ಥಾವಿ. ನಮ್ಮಲ್ಲಿ ಅವಳ ಕೈ ಬಿಟ್ರೆ ಇನ್ನೊಂದು ಕೈ ಇಲ್ಲ."

ಮಿಯಾಸ್ ಥಾವಿಗೆ ನಲವತ್ತು ದಾಟಿರಬಹುದು. ಚೌಕಳಿ ವಸ್ತ್ರ ತಲೆಗೆ ಸುತ್ತಿಕೊಂಡು, ಕುಂಬಳಕಾಯಿ ಆಕಾರದ ಪುಟ್ಟ ಡಬ್ಬಿಯ ಮೇಲೆ ಎಲೆ ಬಿಡಿಸುತ್ತಿದ್ದಳು. ಬೊರೀತ್ ಅವಳೆದುರು ಕುಕ್ಕರಗಾಲಲ್ಲಿ ಕೂತು ಬೆಳ್ಳಿ ಚಮಚ ನೆಲದ ಮೇಲಿಟ್ಟರು. ಸುತ್ತಿಗೆ ನಿಂತಿತು.

"ಇದು ನಿಮ್ಮ ಕೆಲಸಾನಾ?"

"ಹೌದು."

"ಬೆಳ್ಳಿ ಯಾರದ್ದು?"

"ನಂದೇ. ಮದುವೆಗೆ ಹಾಕಿದ್ದ ಡಾಬು ಕರಗಿಸಿದೆ."

ಹಿಂದೆ ನಿಂತಿದ್ದ ಕಾಂಗ್ ಹೇಂಗ್ "ಅಯ್ಯೋ ಹುಚ್ಚಿ!" ಎಂದ.

"ಎಲ್ಲಾ ಹಾಗೇ ಮಾಡಿದ್ದೀರಿ. ಮೀನು ಯಾಕೆ ಬಿಟ್ರಿ?"

ಥಾವಿ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟಳು.

"ಅದು ನಮ್ಮಣ್ಣ ವಿಬೋಲ್ ಗೀಚಿದ್ದು. ನನಗಾಗ ಓದು ಬರ್ತಿರಲಿಲ್ಲ. ನಿನ್ನದು ಹಕ್ಕಿ, ನಂದು ಮೀನು, ಅದಲುಬದಲು ಮಾಡ್ಕೋಬೇಡ ಅಂದಿದ್ದ. ಉಳಿದ ಗುರುತೆಲ್ಲ ಸೊರಿಯಾ ಅವರಿಗೆ ಮಾಡಿಕೊಟ್ಟೆ. ಮೀನು ಕೊಡೋಕೆ ಮನಸ್ಸು ಬರಲಿಲ್ಲ."

"ಆ ಹಲ್ಲಿನ ಗುರುತು?"

"ನಂದು. ಅವನ ಪಾಲಿನ ಗಂಜಿ ನನಗೆ ತಿನ್ನಿಸ್ತಿದ್ದ. ಹಸಿವು ತಡೀಲಾರದೆ ಕಚ್ಚಿಬಿಡ್ತಿದ್ದೆ."

ಮೊನಿ ಬರೆಯುವುದನ್ನು ನಿಲ್ಲಿಸಿದಳು. ಬೊರೀತ್ ಕಣ್ಣಲ್ಲೇ ಗದರಿದರು, ಅವಳು ಮತ್ತೆ ಬರೆಯತೊಡಗಿದಳು.

"ಅಣ್ಣ ಏನಾದ?"

"ಕಾಲುವೆ ಅಗೆಯೋಕೆ ಕರ್ಕೊಂಡು ಹೋದ್ರು. ಸಂಜೆ ಗಂಜಿ ಹೊತ್ತಿಗೆ ಬರ್ತೀನಿ ಅಂತ ಚಮಚ ಸೊಂಟಕ್ಕೆ ಸಿಕ್ಕಿಸ್ಕೊಂಡು ಹೋದ."

"ಸೊರಿಯಾ ಅವರನ್ನ ಕೇಳಿದ್ರೆ ಕೊಡ್ತಿರಲಿಲ್ವಾ ಚಿಕ್ಕಮ್ಮ?" ಮೊನಿ ತಾನೇ ಕೇಳಿಬಿಟ್ಟಳು.

"ಸಾಕ್ಷಿ ಏನಿದೆ ಅಂದ್ರೆ ಏನು ಹೇಳಲಿ ಮಗಳೇ? ಮೀನು ಯಾರು ಬೇಕಾದ್ರೂ ಗೀಚ್ತಾರೆ. ಇಲ್ಲ ಅನ್ನಿಸ್ಕೊಳ್ಳೋಕಿಂತ ಕಳ್ಳಿ ಅನ್ನಿಸ್ಕೊಳ್ಳೋದೇ ಸುಲಭ ಅನ್ನಿಸ್ತು."

ಮೂರು ಗಂಟೆಗೆ ಇಬ್ಬರು ಪಂಚರ ಸಮಕ್ಷಮ ಥಾವಿಯ ಮನೆಯಲ್ಲಿ ಶೋಧ ನಡೆಯಿತು. ಹುಡುಕುವ ಕೆಲಸವೇನೂ ಇರಲಿಲ್ಲ. ಹಿರಿಯರ ಗೂಡಿನಲ್ಲಿ ಅಪ್ಪ ಅಮ್ಮನ ಫೋಟೋ ಪಕ್ಕ ಒಂದು ಬಟ್ಟಲು ಅನ್ನ, ಅದರಲ್ಲಿ ನೆಟ್ಟಗೆ ನಿಲ್ಲಿಸಿದ ಚಮಚ. ಅಣ್ಣನ ಫೋಟೋ ಅವಳ ಬಳಿ ಒಂದೂ ಇರಲಿಲ್ಲ. ಬೊರೀತ್ ಟೋಪಿ ತೆಗೆದು, ಕೈಮುಗಿದು, ಆಮೇಲೆ ಚಮಚವನ್ನು ಎತ್ತಿ ಲಕೋಟೆಗೆ ಹಾಕಿ ಮೊಹರು ಮಾಡಿಸಿದರು.

ಚಮಚ ಗುರುತಿಸಲು ಸೊರಿಯಾಳನ್ನು ಠಾಣೆಗೆ ಕರೆಸಿದ್ದರು. ಥಾವಿಯ ಹೇಳಿಕೆ ಓದಿ ಅವಳ ಮುಖ ಬಿಳಿಚಿಕೊಂಡಿತು.

"ದೂರು ವಾಪಸ್ ತಗೋತೀನಿ ಸರ್."

"ಕಳವಿನ ಕೇಸು ಹಾಗೆ ವಾಪಸ್ ಆಗಲ್ಲಮ್ಮ. ನಿಮ್ಮ ಮಾತು ನ್ಯಾಯಾಧೀಶರ ಮುಂದೆ ಹೇಳಿ. ನಾನೂ ಬರ್ತೀನಿ."

ಥಾವಿ ಬಂಧನದ ಹಾಳೆಗೆ ನಿಧಾನವಾಗಿ, ದುಂಡಗಿನ ಅಕ್ಷರಗಳಲ್ಲಿ ಸಹಿ ಹಾಕಿದಳು. ಆಮೇಲೆ ಮೊದಲ ಸಲ ಸೊರಿಯಾಳ ಕಡೆ ತಿರುಗಿದಳು.

"ಮಗಳೇ, ಇದು ನಿನಗೆಲ್ಲಿ ಸಿಕ್ತು?"

"ಗುಜರಿ ಅಂಗಡಿ ಮುದುಕನೊಬ್ಬ ಮಾರಿದ, ಬಟ್ಟಂಬಾಂಗ್ ಕಡೆಯವನು. ಅವನಿಗೆಲ್ಲಿ ಸಿಕ್ತೋ ನಾನು ಕೇಳಲೇ ಇಲ್ಲ."

"ಈಗ ಕೇಳ್ತೀಯಾ?"

ಸೊರಿಯಾ ಫೋನ್ ಮಾಡಿದಳು. ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಮುದುಕ ಮೊದಲು ತಡವರಿಸಿದ, ಪೊಲೀಸರು ಅಂದಾಗ ಇನ್ನಷ್ಟು.

"ಆ ಮೀನಿನ ಚಮಚವಾ? ಅಂಗ್ ಚಂಬಾಕ್ ಊರಿನ ಹಳೇ ಕಾಲುವೆ ಹತ್ರ, ಮುರಿದ ತೂಬಿನ ಪಕ್ಕ. ಕಬ್ಬಿಣ ಸಿಗುತ್ತೇನೋ ಅಂತ ಅಗೀತಿದ್ದೆ."

"ಬೇರೆ ಏನಾದ್ರೂ ಇತ್ತಾ ಅಜ್ಜಾ?" ಬೊರೀತ್ ಕೇಳಿದರು.

ಆ ಕಡೆಯಿಂದ ಕೋಳಿ ಕೂಗಿದ್ದೊಂದೇ ಕೇಳಿಸಿತು.

"ಇತ್ತು. ನಾನು ಮುಟ್ಟಲಿಲ್ಲ ಸಾಹೇಬ್ರೆ. ಮಣ್ಣು ಮುಚ್ಚಿ, ಊದುಬತ್ತಿ ಹಚ್ಚಿ ಬಂದೆ."

"ತೂಬಿನ ಎಡಕ್ಕಾ, ಬಲಕ್ಕಾ?" ಥಾವಿ ಮೇಜಿನ ಮೇಲೆ ಬಗ್ಗಿ ಕೇಳಿದಳು.

"ಎಡಕ್ಕೆ ತಾಯಿ. ಹುಣಸೆಮರದ ಬುಡದಲ್ಲಿ."

ಥಾವಿ "ಅಂಗ್ ಚಂಬಾಕ್" ಎಂದು ಎರಡು ಸಲ ತನ್ನಷ್ಟಕ್ಕೇ ಹೇಳಿಕೊಂಡಳು. ಸೊರಿಯಾ ಅವಳ ಪಕ್ಕ ಹೋಗಿ ಕೂತಳು.

ಸಂಜೆ ಆರೋಪಿಯನ್ನು ನ್ಯಾಯಾಲಯಕ್ಕೆ ಕಳುಹಿಸುವ ಮೊದಲು ವರದಿ ಮುಗಿಸಬೇಕಿತ್ತು. ಅಪರಾಧದ ಉದ್ದೇಶವೇನು ಎಂದು ಬರೆಯಲಿ ಅಂತ ಮೊನಿ ಪೆನ್ನು ಹಿಡಿದು ಕೇಳಿದಳು. ಬೊರೀತ್ ಪೆನ್ನನ್ನು ತಾವೇ ಇಸಿದುಕೊಂಡು ಬರೆದರು: ಅಣ್ಣನನ್ನು ಮನೆಗೆ ಕರೆತರಲು.