ಪಾಯಿಂಟ್ ಏಳು ಒಂಬತ್ತು

ಮಾಲಿನಿಗೆ ಕ್ಷಮಿಸುವ ಗುಣ ಇರಲಿಲ್ಲ.

ಅದು ನಂಜುಂಡಪ್ಪನಿಗೆ ಗೊತ್ತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಶಿವನಿಯಿಂದ ಬಂದವನು ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿದ್ದ ಅವಳ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೆ ನುಗ್ಗಿದ. ಕೈಲಿದ್ದ ಬ್ಯಾಗನ್ನು ಕೌಂಟರಿನ ಮೇಲೆ ಕುಕ್ಕಿದ. ಮೇಲಿನ ಗಾಜು ಎರಡು ಹೋಳಾಯಿತು.

"ಏನಮ್ಮಾ, ಒಳಗಿನ ಸಾಮಾನು ಯಾರಿಗೆ ಮಾರ್ಕಂಡೆ?"

ಮಾಲಿನಿ ಗಾಜನ್ನು ನೋಡಿದಳು. ಆಮೇಲೆ ಅವನ ಹಿಂದೆ ನಿಂತಿದ್ದ ಮಗಳನ್ನು. ನಿಶ್ಚಿತಾಳ ಕಣ್ಣು ಊದಿತ್ತು.

"ಏನಾಯ್ತು?"

"ಪರೀಕ್ಷೆ ಹೋಯ್ತು ಅಕ್ಕ," ಎಂದಳು ನಿಶ್ಚಿತಾ.

ಪರೀಕ್ಷೆ ಎಂದರೆ ಕೆಲಸದ ಪರೀಕ್ಷೆ. ಟೀವಿ ಕಾರ್ಯಕ್ರಮಗಳ ಮಾತನ್ನು ಕೇಳಿಸಿಕೊಂಡು ಕನ್ನಡದಲ್ಲಿ ಟೈಪ್ ಮಾಡಿ ಕೊಡುವ ಕೆಲಸ, ಮನೆಯಲ್ಲೇ ಕೂತು. ಇದ್ದದ್ದು ಒಂದೇ ಜಾಗ. ಗುರುವಾರ ಹತ್ತೂವರೆಗೆ ಆನ್‌ಲೈನಿನಲ್ಲಿ ಕ್ಯಾಮೆರಾ ಮುಂದೆ ಅರವತ್ತು ನಿಮಿಷ. ಒಬ್ಬರಿಗೆ ಒಂದೇ ಸಲ. ನಿಶ್ಚಿತಾ ನಿಮಿಷಕ್ಕೆ ನಲವತ್ತೆಂಟು ಪದ ಹೊಡೆಯುವ ಹುಡುಗಿ. ಅವತ್ತು ಬಿದ್ದದ್ದು ಹನ್ನೊಂದು.

"ನಾನು ಒಂದು ಸಾಲು ಮುಗಿಸ್ತಿದ್ದೆ, ಸ್ಕ್ರೀನ್ ಮೇಲೆ ಮೊದಲನೇ ಪದಾನೇ ಬಂದಿರ್ತಿರಲಿಲ್ಲ."

ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್. ಸೋಮವಾರವಷ್ಟೇ ಮಾಲಿನಿ ಅದರ ಧೂಳು ತೆಗೆದು ಸರ್ವೀಸ್ ಮಾಡಿ ಕೊಟ್ಟಿದ್ದಳು. ಈಗ ಚಾರ್ಜರ್ ಸಿಕ್ಕಿಸಿ ಆನ್ ಮಾಡಿದಳು. ಪ್ರೊಸೆಸರ್ ವೇಗ ತೋರಿಸುವ ಕಿಟಕಿ ತೆರೆದಳು. 3.0. ಕುದುರೆಯಂತೆ ಓಡುತ್ತಿತ್ತು.

"ನೋಡ್ರಪ್ಪಾ! ಇವಳ ಮುಂದೆ ಮಾತ್ರ ನೆಟ್ಟಗೈತೆ," ಎಂದ ನಂಜುಂಡಪ್ಪ.

"ನಿನ್ನೆ ಚಾರ್ಜರ್ ಹಾಕಿದ್ದೆಯಾ?"

"ಕರೆಂಟೇ ಇರಲಿಲ್ಲ ಅಕ್ಕ. ಲೈನ್ ಕೆಲಸ, ಹತ್ತರಿಂದ ಹನ್ನೆರಡು ತೆಗೀತಾರೆ ಅಂತ ಮೊದಲೇ ಪೇಪರಲ್ಲಿ ಬಂದಿತ್ತು. ಬ್ಯಾಟರಿ ಎರಡು ಗಂಟೆ ಬರುತ್ತಲ್ಲ, ಅದಕ್ಕೇ ಧೈರ್ಯವಾಗಿದ್ದೆ."

ಮಾಲಿನಿ ಚಾರ್ಜರ್ ಕಿತ್ತಳು. ಅಂಕಿ ಜಾರಿತು. 2.2. 1.4. 0.79. ಅಲ್ಲೇ ನಿಂತುಬಿಟ್ಟಿತು.

ಅವಳು ಸೆಟ್ಟಿಂಗ್ ಒಳಗೆ ಇಳಿದಳು. ಒಂದರೊಳಗೊಂದು ಐದು ಬಾಗಿಲು. ಕೊನೆಯ ಬಾಗಿಲಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿ. ಚಾರ್ಜರ್ ಹಾಕಿದ್ದಾಗ ಶೇಕಡಾ ನೂರು. ಬ್ಯಾಟರಿಯಲ್ಲಿ ಐದು.

"ಟ್ರ್ಯಾಕ್ಟರ್ ಆಕ್ಸಿಲರೇಟರ್ ಕೆಳಗೆ ಕಲ್ಲು ಇಟ್ಟಂಗೆ ಇದು," ಎಂದಳು ನಂಜುಂಡಪ್ಪನಿಗೆ. "ಎಷ್ಟು ತುಳಿದ್ರೂ ಇಳಿಯಲ್ಲ. ಕರೆಂಟ್ ಇದ್ದಾಗ ಕಲ್ಲು ಇರಲ್ಲ. ಕರೆಂಟ್ ಹೋದ ತಕ್ಷಣ ಬಂದು ಕೂರುತ್ತೆ. ಇದು ಕೆಟ್ಟಿದ್ದಲ್ಲ, ಯಾರೋ ಮಾಡಿದ್ದು."

"ನೀನೇ ಯಾಕೆ ಮಾಡಿರ್ಬಾರ್ದು?"

ಮಾಲಿನಿಗೊಂದು ಅಭ್ಯಾಸವಿತ್ತು. ಲ್ಯಾಪ್‌ಟಾಪ್ ವಾಪಸ್ ಕೊಡುವಾಗ ಗಿರಾಕಿಯ ಎದುರಿಗೇ ವೇಗ ತೋರಿಸುತ್ತಿದ್ದಳು. ಚಾರ್ಜರ್ ಹಾಕಿ ಒಂದು ಸಲ, ಕಿತ್ತು ಒಂದು ಸಲ. ಎರಡನ್ನೂ ಚೀಟಿಯಲ್ಲಿ ಬರೆದು ಸಹಿ ಹಾಕಿಸುತ್ತಿದ್ದಳು. ಪುಸ್ತಕ ತೆಗೆದಳು. ಸೋಮವಾರ: 3.0, 2.4. ಕೆಳಗೆ ನಿಶ್ಚಿತಾಳ ಸಹಿ.

"ಬರೆಯೋ ಕೈ ನಿಂದು. ಏನು ಬೇಕಾದ್ರೂ ಬರ್ಕೋ," ಎಂದ ನಂಜುಂಡಪ್ಪ. ಆಚೆ ಹೋಗಿ ಟೀ ಅಂಗಡಿ ಮುಂದೆ ನಿಂತು ಅದನ್ನೇ ಕೂಗಿ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಬಂದು, ರಿಪೇರಿಯಾಗದ ತಮ್ಮ ಲ್ಯಾಪ್‌ಟಾಪ್‌ಗಳನ್ನು ವಾಪಸ್ ಒಯ್ದರು.

ಮಾಲಿನಿಗೆ ನಂಜುಂಡಪ್ಪನ ಮೇಲೆ ಅಷ್ಟೇನೂ ಸಿಟ್ಟು ಬರಲಿಲ್ಲ. ಮಗಳದ್ದು ಹೋಯಿತು, ಕೂಗಾಡಿದ. ಅವಳಿಗೆ ಬೇಕಾಗಿದ್ದು ಆ ಐದನ್ನು ಒತ್ತಿದ ಬೆರಳು. ಅದು ಸಿಗುವ ತನಕ ಈ ಅಂಗಡಿಗೆ ಕಳ್ಳಿಯ ಅಂಗಡಿ ಅಂತಲೇ ಹೆಸರು.

ನಿಶ್ಚಿತಾಳ ಲ್ಯಾಪ್‌ಟಾಪ್ ಹೆಗಲಿಗೇರಿಸಿ, ಶಟರ್ ಎಳೆದು ಬಸ್ ಹತ್ತಿದಳು.

* * *

ಶಿವನಿಯ ಮನೆಯಲ್ಲಿ ನಂಜುಂಡಪ್ಪ ಮುಖ ತಿರುಗಿಸಿ ಕೂತ. ಅವನ ಹೆಂಡತಿ ಪಾಪಮ್ಮ ಚಾಪೆ ಹಾಸಿದಳು.

"ಸ್ಟೇಷನ್‌ಗೆ ಹೋಗಾನ ಅಂದ್ರೆ ಇವ್ರು ಕೇಳ್ತಿಲ್ಲ ಕಣವ್ವ."

"ಹೋಗಿ ಏನಂತ ಹೇಳ್ತೀರಾ? ಐದು ಅಂತ ಹಾಕಿದಾರೆ ಅಂತಾನಾ?" ಎಂದಳು ಮಾಲಿನಿ. "ಸೋಮವಾರದಿಂದ ಇದನ್ನ ಯಾರ್ಯಾರು ಮುಟ್ಟಿದ್ರು ಹೇಳಿ."

ಇಬ್ಬರು. ಮಂಗಳವಾರ ಪಾಪಮ್ಮನ ಅಣ್ಣನ ಮಗ ತಿಮ್ಮೇಶ್ ಕಡೂರಿನಿಂದ ಬಂದಿದ್ದ. ಮದುವೆ ಫೋಟೊ ನೋಡಬೇಕು ಅಂತ ಒಯ್ದು ಸಂಜೆ ತಂದುಕೊಟ್ಟ. ಬುಧವಾರ ಸಂಜೆ ಅಜ್ಜಂಪುರದ ರಘುನಾಥ್ ಸರ್ ಬಂದಿದ್ದರು. ನಿಶ್ಚಿತಾಳಿಗೆ ಟೈಪಿಂಗ್ ಕಲಿಸಿದವರು. ಪರೀಕ್ಷೆಗೆ ಕ್ಯಾಮೆರಾ, ಮೈಕ್ ಸರಿ ಇದೆಯಾ ಅಂತ ಹತ್ತು ನಿಮಿಷ ನೋಡಿ, ಕಾಫಿ ಕುಡಿದು ಹೋದರು.

"ತಿಮ್ಮೇಶನ್ನ ಮದುವೆ ಆಗಲ್ಲ ಅಂದ್ಲು ಇವಳು," ಎಂದ ನಂಜುಂಡಪ್ಪ ಗೋಡೆಗೆ. "ಅವರಪ್ಪ, ನನ್ ಭಾವ, ಆರು ತಿಂಗಳಾಯ್ತು, ಮಾತಾಡ್ಸಿಲ್ಲ."

ಮಾಲಿನಿ ಕಾಫಿ ಲೋಟ ಕೆಳಗಿಟ್ಟಳು. ದಾರಿ ಕಂಡಿತು ಅಂದುಕೊಂಡಳು.

* * *

ಶನಿವಾರ ಕಡೂರು ರೈಲ್ವೆ ಸ್ಟೇಷನ್ ಮುಂದೆ ತಿಮ್ಮೇಶ್ ತನ್ನ ಲಗೇಜ್ ಆಟೊದ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದ.

"ನಾನು ಸೇಡು ತೀರಿಸ್ಕೊಂಡ್ನಾ? ಲ್ಯಾಪ್‌ಟಾಪಲ್ಲಿ?" ಸಿಪ್ಪೆ ಉಗುಳಿ ನಕ್ಕ. "ಅಕ್ಕಾ, ನಂಗೆ ಸಿಟ್ಟು ಬಂದ್ರೆ ಮಾವನ ಮನೆ ಮುಂದೆ ಆಟೊ ಅಡ್ಡ ನಿಲ್ಲಿಸ್ತೀನಿ. ಬೆಳಗಾನ ಹಾರನ್ ಹೊಡೀತೀನಿ. ಈ ಕದ್ದುಮುಚ್ಚಿ ಕೆಲಸ ನಂಗ್ ಬರಲ್ಲ."

"ಮದುವೆ ಬೇಡ ಅಂದಳಲ್ಲ?"

"ಅವಳು ಬಾಯಿ ಬಿಟ್ಟು ಅಂದ್ಲು, ನಾನು ಅನ್ನಲಿಲ್ಲ. ಅಷ್ಟೇ ಕಣ್ರೀ ವ್ಯತ್ಯಾಸ."

ಮಾಲಿನಿ ಅದೇ ಲ್ಯಾಪ್‌ಟಾಪ್ ಅವನ ಕೈಗೆ ಕೊಟ್ಟಳು. "ಸ್ಲೋ ಆಗಿದೆ. ಏನು ಮಾಡ್ತೀರಾ?"

ಆಫ್ ಮಾಡಿದ. ಆನ್ ಮಾಡಿದ. ಎರಡು ಸಲ ಬೆನ್ನಿಗೆ ತಟ್ಟಿದ. "ವೈರಸ್ಸು," ಎಂದು ಖಚಿತವಾಗಿ ಹೇಳಿ ವಾಪಸ್ ಕೊಟ್ಟ.

ನಟನೆ ಇರಬಹುದು. ಇರಲಾರದು ಅನ್ನಿಸಿತು. ಅನ್ನಿಸಿದ್ದರಿಂದ ಅವಳ ಅಂಗಡಿಯ ಹೆಸರು ವಾಪಸ್ ಬರುವುದಿಲ್ಲ.

* * *

ಅಜ್ಜಂಪುರದಲ್ಲಿ ರಘುನಾಥನ ಇನ್‌ಸ್ಟಿಟ್ಯೂಟು ಮಹಡಿ ಮೇಲಿತ್ತು. ಮೆಟ್ಟಿಲು ಹತ್ತುವಾಗ ಇಬ್ಬರು ಹುಡುಗರು ಇಳಿಯುತ್ತಿದ್ದರು.

"ಸೆಕೆಂಡ್ ಸರ್ ಇವತ್ತು ಗರಂ ಆಗಿದಾರೆ ಕಣೋ."

"ಸೆಕೆಂಡ್ ಸರ್ ಅಂದ್ರೆ ಯಾರಪ್ಪಾ?" ಎಂದಳು ಮಾಲಿನಿ.

ಹುಡುಗ ನಾಲಿಗೆ ಕಚ್ಚಿಕೊಂಡ. "ರಘುನಾಥ್ ಸರ್ರೇ. ಕಡೂರಿನ ಟೈಪಿಂಗ್ ಸ್ಪರ್ಧೆಲಿ ನಿಶ್ಚಿತಕ್ಕ ಫಸ್ಟು. ಇವರು ಸೆಕೆಂಡು."

ರಘುನಾಥ್ ಇಸ್ತ್ರಿ ಮಾಡಿದ ಅಂಗಿಯವನು. ಕುರ್ಚಿ ಕೊಟ್ಟ. ಪೂರ್ತಿ ಕೇಳಿಸಿಕೊಂಡ. ತಲೆಯಾಡಿಸಿದ.

"ಪಾಪ, ಒಳ್ಳೆ ಹುಡುಗಿ. ನಾನು ಕ್ಯಾಮೆರಾ ಮಾತ್ರ ನೋಡಿದ್ದು. ಬೇರೆ ಏನೂ ಮುಟ್ಟಿಲ್ಲ."

"ವೇಗ ಪಾಯಿಂಟ್ ಏಳು ಒಂಬತ್ತಕ್ಕೆ ಇಳಿದಿದೆ ಸರ್. ಯಾವುದಾದ್ರೂ ಸೆಟ್ಟಿಂಗಿಂದ ಹಾಗೆ ಆಗುತ್ತಾ?"

"ಸೆಟ್ಟಿಂಗಾ? ನೋಡಮ್ಮ, ಪ್ರೊಸೆಸರ್ ವೇಗ ಅಂದ್ರೆ ಕಂಪನಿಯಲ್ಲೇ ಕೂರಿಸಿ ಕಳಿಸಿರ್ತಾರೆ. ಅದನ್ನ ಇಳಿಸೋ ಸೆಟ್ಟಿಂಗ್ ಯಾವುದೂ ಇಲ್ಲ. ಬೋರ್ಡೇ ಹೋಗಿರುತ್ತೆ. ನೀವು ಬಿಚ್ಚಿದಾಗ ಏನಾದ್ರೂ..." ಮಾತು ಅಲ್ಲಿಗೇ ಬಿಟ್ಟ.

ಮೇಜಿನ ಮೇಲೆ ಅವನ ಲ್ಯಾಪ್‌ಟಾಪಿನ ಫ್ಯಾನು ಕರಕರ ಅನ್ನುತ್ತಿತ್ತು.

"ಧೂಳು ತುಂಬಿದೆ ಸರ್. ಕೊಡಿ, ನಾಳೆ ತಂದುಕೊಡ್ತೀನಿ."

ಕೊಟ್ಟ.

* * *

ಬಸ್ಸಿನಲ್ಲಿ ಕೂತು ನಿಶ್ಚಿತಾಳಿಗೆ ಫೋನ್ ಮಾಡಿದಳು.

"ಬುಧವಾರ ಪ್ರಾಕ್ಟೀಸ್ ಮಾಡಿದ್ದೆಯಾ?"

"ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಅಕ್ಕ. ಸಾಫ್ಟ್‌ವೇರಲ್ಲಿ ಟೈಮ್ ಸಮೇತ ಇದೆ. ನಲವತ್ತೆಂಟು ಬಂದಿತ್ತು."

"ಆಗ ಕರೆಂಟ್ ಇತ್ತಾ?"

"ನೆನಪಿಲ್ಲ."

ಹಿಂದಿನಿಂದ ಪಾಪಮ್ಮನ ದನಿ ಕೇಳಿಸಿತು. "ಎಲ್ಲಿತ್ತು? ಅವತ್ತು ಮೂರು ಗಂಟೆಗೆ ರಾಗಿ ಹೊತ್ಕೊಂಡು ಮಿಲ್ಲಿಗೆ ಹೋದೆ. ಕರೆಂಟ್ ಇಲ್ಲ ಅಂತ ನಾಲ್ಕೂವರೆವರೆಗೂ ಕಾದು, ಬೀಸಿಸದೆ ಬಂದೆ ಕಣವ್ವ."

ಮಾಲಿನಿ ಫೋನ್ ಇಟ್ಟಳು. ಕರೆಂಟ್ ಇಲ್ಲ ಅಂದರೆ ಬ್ಯಾಟರಿ. ಬ್ಯಾಟರಿಯಲ್ಲಿ ನಲವತ್ತೆಂಟು ಪದ ಅಂದರೆ ಅಷ್ಟು ಹೊತ್ತಿಗೆ ಐದು ಇನ್ನೂ ಬಂದಿರಲಿಲ್ಲ. ಮಂಗಳವಾರದ ತಿಮ್ಮೇಶ್ ಅಲ್ಲ. ಬುಧವಾರ ಮೂರೂ ಇಪ್ಪತ್ತರ ಮೇಲೆ ಆ ಮನೆಗೆ ಬಂದವನು ಒಬ್ಬನೇ.

ಇಷ್ಟು ಅವಳಿಗೆ ಸಾಕು. ಊರಿಗೆ ಸಾಲದು. ರಿಪೇರಿಯವಳ ಮಾತು ಒಂದು ಕಡೆ, ಮೇಷ್ಟ್ರ ಮಾತು ಒಂದು ಕಡೆ. ತೊಡೆಯ ಮೇಲೆ ಅವನ ಲ್ಯಾಪ್‌ಟಾಪ್ ಇತ್ತು.

ಅಂಗಡಿಗೆ ಬಂದು ಫ್ಯಾನಿನ ಧೂಳು ತೆಗೆದಳು. ಐದು ಬಾಗಿಲು ದಾಟಿದಳು. ಬ್ಯಾಟರಿಯಲ್ಲಿ: ಐದು.

* * *

ಭಾನುವಾರ ಹತ್ತು ಗಂಟೆ. ಇನ್‌ಸ್ಟಿಟ್ಯೂಟಿನ ಮೂವತ್ತೊಂದು ಜನರೂ ಇದ್ದರು. ಮಾಲಿನಿ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟು ಚಾರ್ಜರ್ ಸಿಕ್ಕಿಸಿದಳು. ಹಿಂದೆಯೇ ನಿಶ್ಚಿತಾ ಬಂದಳು. ಅವಳ ಹಿಂದೆ ನಂಜುಂಡಪ್ಪ; ಮಿಲ್ಲಿನ ಲೆಕ್ಕ ಹೆಂಡತಿಯ ಬಾಯಲ್ಲೇ ಕೇಳಿ ಬಂದಿದ್ದ, ಮಾಡಬೇಕಾದ್ದನ್ನು ಮಾಲಿನಿ ಹೇಳಿಕೊಟ್ಟಿದ್ದಳು. ಅವನು ಯಾರಿಗೂ ನಮಸ್ಕಾರ ಹೇಳದೆ ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಹತ್ತಿರ ನಿಂತ.

"ಸರ್, ಕಡೂರಿನ ಸ್ಪರ್ಧೆ ಇನ್ನೊಂದ್ಸಲ ಆಡೋಣ. ಐದು ನಿಮಿಷ," ಎಂದಳು ನಿಶ್ಚಿತಾ.

"ಈಗ ಕ್ಲಾಸಿದೆ."

ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. "ಫಸ್ಟ್ ಬರೋ ಚಾನ್ಸು ಸರ್!"

ಎಲ್ಲರೂ ನಕ್ಕರು. ರಘುನಾಥನ ಕಿವಿ ಕೆಂಪಾಯಿತು. ಕೂತ. ನಿಶ್ಚಿತಾಳ ಲ್ಯಾಪ್‌ಟಾಪನ್ನು ಮಾಲಿನಿ ಬೆಳಿಗ್ಗೆಯೇ ಸರಿಮಾಡಿದ್ದಳು. ಎರಡೂ ಎದುರುಬದುರು. ಶುರುವಾಯಿತು.

ಮೊದಲ ನಿಮಿಷ ಅವನೇ ಮುಂದಿದ್ದ. ಮಾಲಿನಿ ಕೆಮ್ಮಿದಳು. ನಂಜುಂಡಪ್ಪ ಮೇನ್ ಇಳಿಸಿದ.

ಫ್ಯಾನುಗಳು ನಿಂತವು. ನಿಶ್ಚಿತಾಳ ಬೆರಳು ನಿಲ್ಲಲಿಲ್ಲ. ರಘುನಾಥನ ಸ್ಕ್ರೀನಿನಲ್ಲಿ ಅಕ್ಷರಗಳು ರೇಷನ್ ಅಂಗಡಿ ಕ್ಯೂನಂತೆ ಒಂದೊಂದಾಗಿ ಸರಿದವು. ಅವನು ಒತ್ತಿದ. ಮತ್ತೆ ಒತ್ತಿದ. ಯಾರೋ ಕಿಸಕ್ಕೆಂದರು.

ಅವನು ಆಫ್ ಮಾಡಲಿಲ್ಲ. ವೈರಸ್ ಅನ್ನಲಿಲ್ಲ. ಬೆನ್ನಿಗೆ ತಟ್ಟಲಿಲ್ಲ. ಹಲ್ಲು ಕಚ್ಚಿಕೊಂಡು ಮೌಸ್ ಹಿಡಿದ. ಒಂದು, ಎರಡು, ಮೂರು. ಮಾಲಿನಿ ಹಿಂದೆ ನಿಂತು ಎಣಿಸುತ್ತಿದ್ದಳು. ಎಲ್ಲೂ ತಡವರಿಸಲಿಲ್ಲ, ಎಲ್ಲೂ ಹುಡುಕಲಿಲ್ಲ. ಒಂಬತ್ತನೇ ಕ್ಲಿಕ್ಕಿಗೆ ಐದನೇ ಬಾಗಿಲು ತೆರೆಯಿತು.

ಅಲ್ಲಿ ಐದು ಅಂತ ಇತ್ತು.

ಅವನ ಕೈ ನಿಂತಿತು. ಆಗ ಹೊಳೆಯಿತು ಅವನಿಗೆ.

"ಯಾಕೆ ನಿಲ್ಲಿಸಿದ್ರಿ ಸರ್?" ಎಂದಳು ಮಾಲಿನಿ. "ನಿನ್ನೆ ಇಲ್ಲೇ ಕೂತು, ವೇಗ ಇಳಿಸೋ ಸೆಟ್ಟಿಂಗೇ ಇಲ್ಲ ಅಂದ್ರಿ. ಇವತ್ತು ಕಣ್ಣು ಮುಚ್ಚಿಕೊಂಡು ಅದರ ಮನೆ ಬಾಗಿಲಿಗೆ ಹೋದ್ರಿ."

"ನಾನು... ಬ್ಯಾಟರಿ ಉಳೀಲಿ ಅಂತ ಕೆಲವು ಸಲ..."

"ಬ್ಯಾಟರಿ ಉಳಿಸೋಕೆ ಹಾಕಿದ್ದೆ ಅಂತ ನಿನ್ನೆ ಅಂದಿದ್ರೆ ನಾನು ನಂಬ್ತಿದ್ದೆ. ಒಳ್ಳೇದು ಮಾಡೋಕೆ ಹೋಗಿ ಕೆಟ್ಟಾಯ್ತು ಅಂದ್ಕೋತಿದ್ದೆ. ನೀವು ಮುಟ್ಟೇ ಇಲ್ಲ ಅಂದ್ರಿ. ನನ್ನ ಮೇಲೆ ಹಾಕಿದ್ರಿ." ರಾಗಿ ಮಿಲ್ಲಿನ ವಿಷಯ ಹೇಳಿದಳು. ಮೂರೂ ಇಪ್ಪತ್ತರ ನಲವತ್ತೆಂಟು ಪದದ ವಿಷಯ ಹೇಳಿದಳು. "ಪರೀಕ್ಷೆ ಟೈಮು ನಿಮಗೆ ಗೊತ್ತಿತ್ತು. ಕರೆಂಟ್ ತೆಗಿಯೋ ಟೈಮು ಪೇಪರಲ್ಲಿತ್ತು. ಚಾರ್ಜರ್ ಹಾಕಿದ್ದಾಗ ನೂರಕ್ಕೇ ಬಿಟ್ಟಿದ್ರಿ, ಬುಧವಾರ ರಾತ್ರಿ ಇವಳಿಗೆ ಅನುಮಾನ ಬರಬಾರದು ಅಂತ."

ರಘುನಾಥ್ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು.

"ಮೂರು ಪದ! ಮೂರೇ ಪದ ಹೆಚ್ಚು ಹೊಡೆದ್ಲು! ಎಫ್ ಯಾವುದು, ಜೆ ಯಾವುದು ಅಂತ ಬೆರಳು ಹಿಡಿದು ತೋರಿಸಿದವನು ನಾನು. ಅವತ್ತಿಂದ ಈ ಊರಲ್ಲಿ ನಂಗೆ ಹೆಸರಿದೆಯಾ? ಸೆಕೆಂಡು, ಸೆಕೆಂಡು, ಸೆಕೆಂಡು! ಅವಳೂ ಒಂದ್ಸಲ ಹಿಂದೆ ಬಿದ್ದು ನೋಡ್ಲಿ ಅಂತ ಮಾಡ್ದೆ!"

ಯಾರೂ ನಗಲಿಲ್ಲ. ನಂಜುಂಡಪ್ಪ ಕೈ ಎತ್ತಿಕೊಂಡು ಮುಂದೆ ಬಂದ. ಮಾಲಿನಿ ಅಡ್ಡ ನಿಂತಳು.

"ಬೇಡ. ಒಡೆದಿದ್ದು ಒಂದು ಗಾಜು ಸಾಕು." ಆಮೇಲೆ ರಘುನಾಥನ ಕಡೆ ತಿರುಗಿ ಚಾಕ್‌ಪೀಸ್ ಚಾಚಿದಳು. "ಬೋರ್ಡ್ ಮೇಲೆ ಬರೀರಿ ಸರ್. ಏನು ಮಾಡಿದ್ರಿ, ಯಾವಾಗ ಮಾಡಿದ್ರಿ, ಯಾಕೆ ಮಾಡಿದ್ರಿ. ಪೂರ್ತಿ. ಇಲ್ಲಾಂದ್ರೆ ಇವರನ್ನ ನಾನು ತಡೆಯಲ್ಲ."

ಅವನು ಬರೆದ. ಅಕ್ಷರ ಸೊಟ್ಟಗಿತ್ತು. ಮೂವತ್ತೊಂದು ಫೋನುಗಳು ಮೇಲೆದ್ದವು. ಅವನು ಮುಖ ಮುಚ್ಚಿಕೊಳ್ಳಲು ಹೋದಾಗ ಮಾಲಿನಿ, "ಸಹಿ ಹಾಕಿ," ಎಂದಳು. ಹಾಕಿದ. ಅವಳು ಅದನ್ನು ನಿಧಾನವಾಗಿ, ಎರಡು ಸಲ ಓದಿದಳು. ಹೊಟ್ಟೆ ತಣ್ಣಗಾಯಿತು.

ಇಳಿಯುವಾಗ ಧನ್ಯಶ್ರೀ ಎಂಬ ವಿದ್ಯಾರ್ಥಿನಿ ಮೆಟ್ಟಿಲಲ್ಲಿ ಅಡ್ಡ ಬಂದಳು.

"ಅಕ್ಕ, ಸರ್ ಲ್ಯಾಪ್‌ಟಾಪಲ್ಲಿ ಐದು ಹಾಕಿದ್ದು ಯಾರು?"

"ನಾನೇ."

"ರಿಪೇರಿಗೆ ಕೊಟ್ಟಿದ್ದಾಗ?"

"ಹೌದು."

ಹುಡುಗಿ ಹೆಗಲ ಮೇಲಿದ್ದ ತನ್ನ ಲ್ಯಾಪ್‌ಟಾಪ್ ಬ್ಯಾಗನ್ನು ಮುಂದಕ್ಕೆಳೆದು ಎದೆಗೆ ಒತ್ತಿಕೊಂಡಳು.

ನಂಜುಂಡಪ್ಪ ಮರುದಿನ ತರೀಕೆರೆಗೆ ಬಂದು ಅದೇ ಟೀ ಅಂಗಡಿ ಮುಂದೆ ನಿಂತು, ಅವಳು ಕಳ್ಳಿ ಅಲ್ಲ ಅಂತ ಅಷ್ಟೇ ಜೋರಾಗಿ ಕೂಗಿದ. ಗಾಜಿನ ಮಾತು ಎತ್ತಲಿಲ್ಲ. ನಿಶ್ಚಿತಾ ಬೋರ್ಡಿನ ಫೋಟೊ ಸಮೇತ ಕಂಪನಿಗೆ ಬರೆದಳು. ಎರಡು ಸಾಲಿನ ಉತ್ತರ ಬಂತು. ಜಾಗ ತುಂಬಿಯಾಗಿದೆ.

ನಿಶ್ಚಿತಾಳಿಗೆ ಒಂದು ಕೆಲಸ ಹೋಯಿತು. ರಘುನಾಥನಿಗೆ ಮೂವತ್ತೊಂದರಲ್ಲಿ ಇಪ್ಪತ್ತಾರು ವಿದ್ಯಾರ್ಥಿಗಳು ಹೋದರು. ಮಾಲಿನಿಗೆ ಕೌಂಟರಿನ ಗಾಜು ಒಂದು ಹೋಯಿತು, ರಿಪೇರಿಗೆ ಕೊಡಲು ಹೆದರಿದ ಅಜ್ಜಂಪುರದ ಖಾಯಂ ಗಿರಾಕಿಗಳು ಒಂಬತ್ತು ಮಂದಿ ಹೋದರು.