ಕೊಂಬಿನ ಸೈಕಲ್

“ಅಯ್ಯಯ್ಯೋ! ಉಡಚೀ, ಏನೇ ಮಾಡಿಟ್ಟೆ ಇದನ್ನ?”

ಅಪ್ಪ ಓಬಳಪ್ಪ ಕೂಗಿದ ಜೋರಿಗೆ ಉಡಚಿಯ ಕೈಯಿಂದ ಬಣ್ಣದ ಬಟ್ಟಲು ಬಿತ್ತು. ಹೊಸ ಸೈಕಲ್ಲಿನ ಹ್ಯಾಂಡಲ್ಲು ಈ ತುದಿಯಿಂದ ಆ ತುದಿಯವರೆಗೆ ಕೆಂಪಗಾಗಿತ್ತು.

“ಇವತ್ತು ಕಾರಹುಣ್ಣಿಮೆ ಅಲ್ವೇನಪ್ಪಾ? ಎಲ್ರೂ ಎತ್ತಿನ ಕೊಂಬಿಗೆ ಬಣ್ಣ ಹಚ್ತಾರೆ. ಇದಕ್ಕೂ ಎರಡು ಕೊಂಬು ಐತೆ...”

ಹೊನ್ನಾಳಿಯ ಪೇಟೆಬೀದಿಯಲ್ಲಿ ‘ಓಬಳಪ್ಪ ಸೈಕಲ್ ಕಂಪನಿ’ ಎಂದು ದೊಡ್ಡ ಬೋರ್ಡು ಇತ್ತು. ಬೋರ್ಡು ದೊಡ್ಡದು, ಅಷ್ಟೇ. ಕಂಪನಿ ಎಂದರೆ ಓಬಳಪ್ಪ, ಒಂದು ಪಂಪು, ಮತ್ತೆ ಶಾಲೆ ಬಿಟ್ಟ ಮೇಲೆ ಉಡಚಿ. ಯುದ್ಧದ ಕಾಲ, ಸಾಮಾನು ಸಿಗುವುದೇ ಕಷ್ಟ. ಅಲ್ಲೊಂದು ಚಕ್ರ, ಇಲ್ಲೊಂದು ಚೈನು ಹುಡುಕಿ ತಂದು ಅಪ್ಪ ಮೂರು ತಿಂಗಳು ಕೂತು ಈ ಸೈಕಲ್ ಜೋಡಿಸಿದ್ದ, ಸಾಸ್ವೆಹಳ್ಳಿಯ ತಿಪ್ಪೇಶಪ್ಪ ಮೇಷ್ಟ್ರಿಗಾಗಿ. ಅವರು ಒಯ್ಯುವವರೆಗೆ ಇದನ್ನು ಮುಟ್ಟದೆ ಇದ್ದರೆ ನಿನಗೆ ಸೈಕಲ್ ಕಲಿಸುತ್ತೇನೆ ಎಂದು ಉಡಚಿಗೆ ಮಾತೂ ಕೊಟ್ಟಿದ್ದ.

“ಮುಗೀತು ನಿನ್ನ ಸೈಕಲ್ ಕಲಿಯೋದು!” ಎಂದ ಅಪ್ಪ.

ಉಡಚಿ ಓಡಿಹೋಗಿ ಹಳೇ ಬಟ್ಟೆ ತಂದಳು. ಸೀಮೆಎಣ್ಣೆ ಹಾಕಿ ಒರೆಸಿದಳು. ಒರೆಸಿದಷ್ಟೂ ಬಣ್ಣ ಹರಡಿತು. ಅಷ್ಟರಲ್ಲಿ ಮೇಷ್ಟ್ರು ಬಂದೇಬಿಟ್ಟರು.

ಹ್ಯಾಂಡಲ್ ಹಿಡಿದರು. ಅಂಗೈ ಕೆಂಪಾಯಿತು. ದಪ್ಪ ಮೀಸೆ ಅಲುಗಿತು. ಉಡಚಿ ಅಪ್ಪನ ಬೆನ್ನ ಹಿಂದೆ ಅಡಗಿಕೊಂಡಳು.

“ಯಾರ ಕೆಲಸ ಇದು, ಓಬಳಪ್ಪ?”

“ತಪ್ಪಾತು ಮೇಷ್ಟ್ರೇ. ನಮ್ಮ ಹುಡುಗಿ, ಎತ್ತಿನ ಕೊಂಬು ಅಂದ್ಕೊಂಡು...”

ಮೇಷ್ಟ್ರು ಹೋ ಎಂದು ನಕ್ಕುಬಿಟ್ಟರು. “ನಮ್ಮೂರಲ್ಲಿ ಎಲ್ಲರ ಮನೇಲೂ ಎತ್ತು ಐತೆ. ನಮ್ಮನೇಲಷ್ಟೇ ಇಲ್ಲ. ಇವತ್ತು ನಾನೂ ಮೆರವಣಿಗೆ ಮಾಡ್ತೀನಿ, ಬಿಡ್ರಿ!” ಬಿಳಿ ಪಂಚೆಗೆ ಕೈ ಒರೆಸಿಕೊಂಡು, ಬೆಲ್ ಬಾರಿಸುತ್ತಾ ಹೊರಟೇಹೋದರು.

ಆಮೇಲೆ ನೋಡಬೇಕಿತ್ತು! ವಾರದೊಳಗೆ ಗೋವಿನಕೋವಿಯ ಮೂಕಪ್ಪ ತನ್ನ ಸೈಕಲ್ ತಳ್ಳಿಕೊಂಡು ಬಂದ. “ನಂದಕ್ಕೂ ಕೊಂಬಿನ ಬಣ್ಣ ಹಚ್ಚಿಕೊಡ್ರಿ.” ಸವಳಂಗದಿಂದ ಇನ್ನಿಬ್ಬರು ಬಂದರು. ಅಪ್ಪ ತಾನೇ ಹಚ್ಚಲು ಹೋದ. ಹ್ಯಾಂಡಲ್ಲಿಗಿಂತ ನೆಲಕ್ಕೇ ಹೆಚ್ಚು ಬಣ್ಣವಾಯಿತು.

“ಉಡಚೀ, ಬಾರವ್ವ ಇಲ್ಲಿ. ಇದು ನನ್ನ ಕೈಲಿ ಆಗಲ್ಲ.”

“ಸೈಕಲ್ ಮುಟ್ಟಬ್ಯಾಡ ಅಂದಿದ್ಯಲ್ಲಪ್ಪಾ?”

ಅಪ್ಪ ತಲೆ ಕೆರೆದುಕೊಂಡ. “ಸಂಜೆ ಕಲಿಸ್ತೀನಿ, ಬಾ ಮಾರಾಯ್ತಿ.”

ದೀಪಾವಳಿಯ ಹೊತ್ತಿಗೆ ಉಡಚಿ, ಸೀಟು ಎಟುಕದಿದ್ದರೂ, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿಯುತ್ತಿದ್ದಳು. ಅಪ್ಪ ಹಿಂದೆ ಹಿಡಿದುಕೊಂಡು ಓಡುತ್ತಿದ್ದ. ನ್ಯಾಮತಿ ರಸ್ತೆಯಲ್ಲಿ ಎದುರಿಗೆ ಒಂದು ಸೈಕಲ್ ಬಂತು. ಹ್ಯಾಂಡಲ್ಲಿಗೆ ನೀಲಿ ಬಣ್ಣ, ಹಳದಿ ಪಟ್ಟೆ. ತುದಿಗೆ ಗೊಂಡೆ ಬೇರೆ!

“ಅಪ್ಪಾ, ಅದು ನಾನು ಹಚ್ಚಿದ್ದಲ್ಲ! ನಮ್ಮ ಉಪಾಯನ ಕದ್ದಾರೆ!”

ಅಪ್ಪ ಏದುಸಿರು ಬಿಡುತ್ತಾ ಸೈಕಲ್ ಹಿಡಿದು ನಿಲ್ಲಿಸಿದ.

ಎದುರಿನ ಸೈಕಲ್ಲಿನ ಬಾರಿನ ಮೇಲೆ ಒಬ್ಬಳು ಪುಟ್ಟ ಹುಡುಗಿ ಕೂತಿದ್ದಳು. ಅವಳ ಬೆರಳುಗಳೆಲ್ಲ ನೀಲಿ ನೀಲಿ. ಅವಳು ಹೆಮ್ಮೆಯಿಂದ ಹ್ಯಾಂಡಲ್ಲನ್ನು ಸವರುತ್ತಿದ್ದಳು.

ಉಡಚಿ ತನ್ನ ಕೆಂಪು ಬೆರಳುಗಳನ್ನು ನೋಡಿಕೊಂಡಳು. ಸಿಟ್ಟು ಎಲ್ಲಿ ಹೋಯಿತೋ! ಟ್ರಿಣ್ ಟ್ರಿಣ್ ಎಂದು ಬೆಲ್ ಬಾರಿಸಿದಳು. ನೀಲಿ ಬೆರಳಿನ ಹುಡುಗಿಯೂ ಟ್ರಿಣ್ ಎನಿಸಿದಳು.